ಜಿಂಕ್ ಪ್ಲೇಟಿಂಗ್ ಆದ್ಮೇಲೆ ಎಂ8 ಸ್ಟಡ್‌ಗೆ ಗೋ ಗೇಜ್ ಹತ್ತುತಿಲ್ಲ, ಸೋಮವಾರ ಡೆಲಿವರಿ

ಶೆಡ್‌ನೋನು:
ನಮಸ್ಕಾರ. ಪೀಣ್ಯದಲ್ಲಿ ನಂದು ಚಿಕ್ಕ ಶೆಡ್ಡು, ಎರಡು ಸಿಎನ್‌ಸಿ ಟರ್ನಿಂಗ್ ಮೆಷಿನ್ ಅಷ್ಟೇ. ಹೊಸ ಕಸ್ಟಮರ್‌ದು 2000 ಸ್ಟಡ್ ಆರ್ಡರ್, ಇಎನ್8 ಸ್ಟೀಲು, ಹಾರ್ಡನಿಂಗ್ ಏನಿಲ್ಲ, ಎರಡೂ ತುದೀಲಿ ಎಂ8 ಥ್ರೆಡ್, 1.25 ಪಿಚ್, ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಇರ್ಬೋದು ಅನ್ನೋದು) 6ಜಿ. ಮೆಷಿನ್ನಿಂದ ಇಳಿದಾಗ ಎಲ್ಲಾ ಪಾಸು, ನಾನೇ ಕೂತು ನೋಡಿದೀನಿ, ಗೋ ರಿಂಗ್ (ಥ್ರೆಡ್ ದಪ್ಪ ಆಗಿಲ್ಲ ಅಂತ ನೋಡೋ ರಿಂಗ್ ಗೇಜು) ಬೆರಳಲ್ಲೇ ತಿರುಗ್ತಿತ್ತು. ನಿನ್ನೆ ಸಾಯಂಕಾಲ ಪ್ಲೇಟಿಂಗ್ ಮುಗಿದು ಬಂತು ನೋಡಿ, ಹತ್ತರಲ್ಲಿ ಆರೇಳು ಪೀಸಿಗೆ ಗೋ ಹತ್ತೋದೇ ಇಲ್ಲ. ಪ್ಲೇಟಿಂಗ್‌ನೋರನ್ನ ಕೇಳಿದ್ರೆ ಡ್ರಾಯಿಂಗಲ್ಲಿ 8 ಮೈಕ್ರಾನ್ ಇದೆ, 8 ಹಾಕಿದೀವಿ, ನಿಮ್ ಥ್ರೆಡ್ಡೇ ದಪ್ಪ ಅಂತಾರೆ. 8 ಮೈಕ್ರಾನ್‌ಗೆ ಇಷ್ಟು ಬಿಗಿ ಆಗತ್ತಾ? ನಮ್ ಆಪರೇಟರ್ ಪ್ಲೇಟಿಂಗ್ ಮೇಲೇ ಡೈ ಹೊಡ್ದು ಥ್ರೆಡ್ ಮತ್ತೆ ಕೊರೆದು ಕಳಿಸ್ಬಿಡೋಣ ಸಾರ್ ಅಂತಿದಾನೆ, ನಂಗೆ ರಾತ್ರಿಯೆಲ್ಲಾ ನಿದ್ದೆ ಇಲ್ಲ.

ಬೆಳಗಾವಿ ಟರ್ನರ್:
ಡೈ ಹೊಡಿಬ್ಯಾಡ್ರಿ ಸರ್, ಕೈ ಮುಗಿತೀನಿ. ನಾವೂ ಉದ್ಯಮಬಾಗದಾಗ ಒಮ್ಮೆ ಇದ ಆಟ ಆಡೇವಿ. ಥ್ರೆಡ್ ಮ್ಯಾಲಿನ ಜಿಂಕ್ ಎಲ್ಲಾ ಕಿತ್ತ ಹೋತು, ಮಳಿಗಾಲದಾಗ ಅವರ ಗೋಡೌನ್‌ದಾಗ ತುಕ್ಕ ಹಿಡದ ಪೂರಾ ಲಾಟ್ ವಾಪಸ್ ಬಂತು. ಮದ್ಲ ಒಂದ ನೋಡ್ರಿ, ರಿಂಗ್ ಎಲ್ಲಿ ನಿಲ್ತದ? ಸುರುವಿನ ಒಂದೆರಡ ಸುತ್ತಿಗೆ ನಿಂತು, ಆಮ್ಯಾಲ ಸಲೀಸ ಹೋಗತದ ಅಂದ್ರ ಅದು ಪ್ಲೇಟಿಂಗ್ ಮಾಡು ತಿರುಗು ಬ್ಯಾರಲ್‌ದಾಗ ಒಂದಕ್ಕೊಂದು ಬಡದು ಆದ ಪೆಟ್ಟು, ಉಗುರು ಆಡಿಸಿದ್ರ ಗೊತ್ತಾಗ್ತದ. ಉದ್ದಕ್ಕೂ ಒಂದ ಸಮ ಬಿಗಿ ಇದ್ರ ದಪ್ಪದ್ದ ತಪ್ಪು.

ಹಳೇ ಕ್ಯೂಸಿ:
8 ಮೈಕ್ರಾನ್ ಅಂದ್ರೆ 8 ಅಲ್ಲ ಗುರು. ಥ್ರೆಡ್‌ನ ಎರಡು ಇಳಿಜಾರಿಗೂ, ಎರಡು ಪಕ್ಕಕ್ಕೂ ಕೂರತ್ತಲ್ಲ, 60 ಡಿಗ್ರಿ ಥ್ರೆಡ್ಡಲ್ಲಿ ಪಿಚ್ ಡಯಾ (ಥ್ರೆಡ್ ಹಲ್ಲಿನ ನಡುಮಟ್ಟದಲ್ಲಿ ಅಳೆಯೋ ವ್ಯಾಸ) ಪ್ಲೇಟಿಂಗ್ ದಪ್ಪದ ನಾಕು ಪಟ್ಟು ಏರತ್ತೆ, ಅಂದ್ರೆ 32 ಮೈಕ್ರಾನ್. ಎಂ8ಗೆ 6ಜಿ ಪ್ಲೇಟಿಂಗ್‌ಗೆ ಅಂತ ಬಿಟ್ಟಿರೋ ಜಾಗ 28 ಮೈಕ್ರಾನ್ ಅಷ್ಟೇ. ನೀನು 6ಜಿ ಮೇಲಿನ ಮಿತಿ 7.160 ಎಂಎಂ ಹತ್ರ ಕಟ್ ಮಾಡಿದ್ರೆ ಮುಗೀತು ಕಥೆ, ಗೋ ರಿಂಗ್ ಸಲೀಸಾಗಿ ತಿರುಗಿತು ಅಂದ್ರೆ ಎಷ್ಟು ಜಾಗ ಉಳಿದಿದೆ ಅಂತ ಅದು ಹೇಳಲ್ಲ.
ಈಗ ಮುಖ್ಯ ವಿಷ್ಯ, ಪ್ಲೇಟಿಂಗ್ ಆದ್ಮೇಲೂ ಅದೇ 6ಜಿ ರಿಂಗ್ ಹಾಕ್ತಿದೀಯ ಅಲ್ವಾ? ಡ್ರಾಯಿಂಗಲ್ಲಿ ಬೇರೆ ಏನೂ ಬರೆದಿಲ್ಲ ಅಂದ್ರೆ 6ಜಿ ಅನ್ನೋದು ಪ್ಲೇಟಿಂಗ್ ಮುಂಚಿನ ಅಳತೆ, ಆಮೇಲೆ ನೋಡ್ಬೇಕಾಗಿರೋದು 6ಎಚ್ ಗೋ, ಆ 28 ಮೈಕ್ರಾನ್ ಸೇರಿಸಿದ ಮಿತಿ, ಅದು 7.188. ಎಲ್ಲಿಂದಾದ್ರೂ ಒಂದು 6ಎಚ್ ರಿಂಗ್ ತಂದು ಹಾಕಿ ನೋಡು, ಅರ್ಧ ತಲೆನೋವು ಅಲ್ಲೇ ಇಳಿಬೋದು.
ಹತ್ತದೇ ಇರೋದನ್ನ ಮಾತ್ರ ಜಿಂಕ್ ತೆಗೆಸಿ, ಥ್ರೆಡ್ ಮತ್ತೆ ಒಂದ್ ಪಾಸ್ ಹೊಡ್ದು ಪ್ಲೇಟಿಂಗ್ ಹಾಕ್ಸು. ಆಸಿಡ್‌ಗೆ ಹಾಕಿದ್ರೂ ನಿಂದು ಹಾರ್ಡನಿಂಗ್ ಇಲ್ದಿರೋ ಇಎನ್8, ಭಯ ಇಲ್ಲ. 10.9 ಥರದ ಹಾರ್ಡ್ ಬೋಲ್ಟ್ ಆಗಿದ್ರೆ ಹೈಡ್ರೋಜನ್ ಹೀರ್ಕೊಂಡು, ಫಿಟ್ ಮಾಡಿ ಎರಡು ದಿನಕ್ಕೆ ತಾನಾಗೇ ಟಪ್ಪಂತ ಮುರೀತಿತ್ತು, ಅದು ಬೇರೆ ರಾಮಾಯಣ. ಮುಂದಿನ್ ಸಲ ತ್ರೀ ವೈರ್ ಇಟ್ಟು (ಥ್ರೆಡ್ ಸಂದೀಲಿ ಮೂರು ತಂತಿ ಇಟ್ಟು ಅಳೆದು) ಪಿಚ್ ಡಯಾ 7.10 ಆಸುಪಾಸಲ್ಲಿ ಇಳಿಸು.

ಗ್ರೈಂಡಿಂಗ್ ಮಂಜ:
ಗೇಜು ಗೀಜು ಆಮೇಲೆ, ಇವತ್ತೇ ಕಸ್ಟಮರ್‌ಗೆ ಫೋನ್ ಹಚ್ಚಿ ಅಣ್ಣ. ನಾನ್ ಒಂದ್ಸಲ ನೋಡ್ಕೊಳೋಣ ಅಂತ ಸುಮ್ನೆ ಕಳಿಸ್ದೆ, ಅವ್ರ ಅಸೆಂಬ್ಲಿ ಲೈನಲ್ಲಿ ನಟ್ಟು ಅರ್ಧಕ್ಕೆ ಸಿಕ್ಕೊಂಡು ಲೈನೇ ನಿಂತೋಯ್ತು, ಆಮೇಲೆ ನಷ್ಟ ಕಟ್ಟು ಅಂತ ಬಂದ ಡೆಬಿಟ್ ನೋಟ್ ಆ ಆರ್ಡರ್ ಬಿಲ್ಲಿಗಿಂತ ದೊಡ್ದು. ಫೋನಲ್ಲಿ ಅಳ್ಬೇಡಿ, ಎಷ್ಟು ಪೀಸ್ ಸೋಮವಾರ ಬರತ್ತೆ ಉಳಿದಿದ್ದು ಯಾವತ್ತು ಬರತ್ತೆ ಅಷ್ಟು ಹೇಳಿ.

ಶೆಡ್‌ನೋನು:
ಅಪ್‌ಡೇಟ್. ಪಕ್ಕದ ಶೆಡ್‌ನೋರ ಹತ್ರ 6ಎಚ್ ರಿಂಗ್ ಇಸ್ಕೊಂಡು ಬಂದೆ. ಇಲ್ಲೀವರ್ಗೂ 600 ಪೀಸ್ ನೋಡಿದ್ವಿ, 41 ಮಾತ್ರ ನಿಂತ್ಕೊಂಡ್ವು, ಅದ್ರಲ್ಲೂ ಒಂಬತ್ತು ಬೆಳಗಾವಿ ಅಣ್ಣ ಹೇಳಿದ ಹಾಗೆ ಪೆಟ್ಟು ಬಿದ್ದಿದ್ದು. ಕಸ್ಟಮರ್ ಕಡೆ ಕ್ವಾಲಿಟಿ ನೋಡೋ ಕ್ಯೂಸಿಯೋರಿಗೆ ಫೋನ್ ಮಾಡ್ದೆ, ಎರಡು ನಿಮಿಷ ಬೈದ್ರು, ಆಮೇಲೆ ಸೋಮವಾರ 1500 ಕಳ್ಸಿ, ಮಿಕ್ಕಿದ್ದು ಗುರುವಾರ ಸಾಕು, ಡಬ್ಬಿ ಮೇಲೆ 6ಎಚ್‌ಗೆ ಚೆಕ್ ಆಗಿದೆ ಅಂತ ಬರೀರಿ ಅಂದ್ರು. ಪ್ಲೇಟಿಂಗ್‌ನೋರಿಗೆ ಸಾರಿ ಹೇಳೋದೊಂದು ಬಾಕಿ ಇದೆ, ನಿನ್ನೆ ಸ್ವಲ್ಪ ಜಾಸ್ತಿನೇ ಕೂಗಾಡಿದ್ದೆ.