ಸಹಾಯ ಬೇಕು: ಆಸ್ಪತ್ರೆ ಸಿಬ್ಬಂದಿಗೆ ಬಳಸುವ ಡಾಸ್-21 ಪ್ರಶ್ನಾವಳಿಯ ಸಿಂಧುತ್ವ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆ ಸಿಬ್ಬಂದಿಯ ಖಿನ್ನತೆ, ಆತಂಕ ಹಾಗೂ ಒತ್ತಡವನ್ನು ಅಳೆಯಲು ಡಾಸ್-21 ಪ್ರಶ್ನಾವಳಿ ಎಷ್ಟರ ಮಟ್ಟಿಗೆ ಸೂಕ್ತವೆಂದು, ಅಂದರೆ ಅದರ ಸಿಂಧುತ್ವವನ್ನು, ಪರಿಶೀಲಿಸುತ್ತಿದ್ದೇನೆ. ವಿಶ್ಲೇಷಣೆಯ ಹಂತದಲ್ಲಿ ತಿಳಿದವರ ಮಾರ್ಗದರ್ಶನ ಬೇಕಾಗಿದೆ.

ಈ ಮೂರರಲ್ಲಿ ಪ್ರತಿ ಅಂಶಕ್ಕೆ 7ರಂತೆ ಇರುವ 21 ಹೇಳಿಕೆಗಳಿಗೆ, ಕಳೆದ ಒಂದು ವಾರದ ಅನುಭವವನ್ನು ನೆನೆದು, 0ಯಿಂದ 3ರವರೆಗೆ ಅಂಕ ಕೊಡಬೇಕು. ಮೂರೂ ಉಪಮಾಪಕಗಳ ಕ್ರೋನ್‌ಬ್ಯಾಕ್ ಆಲ್ಫಾ ತೃಪ್ತಿಕರವಾಗಿದ್ದರೂ, ಅದು ಹೇಳಿಕೆಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬ ಆಂತರಿಕ ಹೊಂದಾಣಿಕೆಯನ್ನಷ್ಟೇ ಸೂಚಿಸುವುದರಿಂದ ಅದೊಂದನ್ನೇ ನಂಬಿ ಸಿಂಧುತ್ವವನ್ನು ಘೋಷಿಸಲು ನನಗೆ ಮನಸ್ಸಿಲ್ಲ. ಆತಂಕ ಮತ್ತು ಒತ್ತಡದ ಅಂಶಗಳ ನಡುವಿನ ಸಹಸಂಬಂಧವಂತೂ ತೀರಾ ಹೆಚ್ಚಾಗಿದೆ. ಹೀಗಿರುವಾಗ ಮೂರು ಅಂಶಗಳ ಮಾದರಿಯನ್ನೇ ಉಳಿಸಿಕೊಳ್ಳಬೇಕೇ, ಅಥವಾ ಸಾಮಾನ್ಯ ಮಾನಸಿಕ ಯಾತನೆಯ ಅಂಶವೊಂದನ್ನು ಸೇರಿಸಿದ ಬೈಫ್ಯಾಕ್ಟರ್ ಮಾದರಿಯನ್ನೂ (ಪ್ರತಿ ಹೇಳಿಕೆಯೂ ಸಾಮಾನ್ಯ ಅಂಶಕ್ಕೂ ತನ್ನದೇ ಅಂಶಕ್ಕೂ ಸೇರುವ ಮಾದರಿ) ಪರೀಕ್ಷಿಸಬೇಕೇ? ಉತ್ತರಗಳು ನಾಲ್ಕೇ ದರ್ಜೆಗಳಲ್ಲಿ ಇರುವುದರಿಂದ ಪಾಲಿಕೋರಿಕ್ ಸಹಸಂಬಂಧವನ್ನು (ದರ್ಜೆಗಳಲ್ಲಿರುವ ಉತ್ತರಗಳಿಗೆ ಹೊಂದುವ ಸಹಸಂಬಂಧದ ಅಳತೆ) ಬಳಸುವುದೇ ಸರಿಯೆಂದು ನನ್ನ ಅಭಿಪ್ರಾಯ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಬೇರೆಯೇ ಇದೆ. ಬಾಯಿ ಒಣಗುವುದು, ಉಸಿರಾಟದ ತೊಂದರೆ ಮೊದಲಾದ ಆತಂಕದ ಹೇಳಿಕೆಗಳಿಗೆ, ಗಂಟೆಗಟ್ಟಲೆ ಮಾಸ್ಕ್ ಧರಿಸಿ ರಾತ್ರಿ ಪಾಳಿ ಮುಗಿಸಿದವರು ಬರಿಯ ದೈಹಿಕ ದಣಿವಿನಿಂದಲೇ ಹೆಚ್ಚು ಅಂಕ ಕೊಟ್ಟಿರಬಹುದು. ದಣಿದವರನ್ನು ಆತಂಕಪೀಡಿತರೆಂದು ತಪ್ಪಾಗಿ ಗುರುತಿಸಿದರೆ ಅವರಿಗೇ ಅನ್ಯಾಯವಾಗುತ್ತದೆ. ಹಗಲು ಮತ್ತು ರಾತ್ರಿ ಪಾಳಿಯವರ ನಡುವೆ ಮಾಪನ ಸಮಾನತೆಯ ಪರೀಕ್ಷೆ (ಪ್ರಶ್ನಾವಳಿ ಎರಡೂ ಗುಂಪುಗಳಲ್ಲಿ ಒಂದೇ ರೀತಿ ಅಳೆಯುತ್ತದೆಯೇ ಎಂಬ ಪರೀಕ್ಷೆ) ನಡೆಸಿದರೆ ಈ ದೋಷ ಪತ್ತೆಯಾಗುತ್ತದೆಯೇ? ಇಂತಹ ವಿಶ್ಲೇಷಣೆಯನ್ನು ಸ್ವತಃ ಮಾಡಿದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.