ಚುಕ್ಕಿಯಿಂದ ನೆರಳು: ಸ್ಟಿಪ್ಲಿಂಗ್ ಬಗ್ಗೆ ಮೇಷ್ಟ್ರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಬಿ.ಎಸ್ಸಿ. ವಿದ್ಯಾರ್ಥಿನಿ, ಶ್ರೀನಿವಾಸಪುರ): ನಮಸ್ಕಾರ ಮೇಷ್ಟ್ರೇ. ಬಾಟನಿ ರೆಕಾರ್ಡಿಗೆ ಮಾವಿನಕಾಯಿ ಬಿಡಿಸಿ ಪೆನ್ಸಿಲಿನಲ್ಲಿ ಶೇಡ್ ಮಾಡಿದ್ದೆ. ಮೇಡಂ "ಶೇಡಿಂಗ್ ಬೇಡ, ಸ್ಟಿಪ್ಲಿಂಗ್ ಮಾಡು" ಅಂತ ಬರೆದು ವಾಪಸ್ ಕೊಟ್ಟರು. ಸ್ಟಿಪ್ಲಿಂಗ್ ಅಂದರೆ ಸುಮ್ನೆ ಚುಕ್ಕಿ ತುಂಬೋದಾ? ಪಾಯಿಂಟಿಲಿಸಂ ಅಂತಾರಲ್ಲ, ಅದೂ ಇದೂ ಒಂದೇನಾ?

ಉತ್ತರ (ಡ್ರಾಯಿಂಗ್ ಮೇಷ್ಟ್ರು, ತುಮಕೂರು): ಸುಮ್ನೆ ತುಂಬೋದಲ್ಲಮ್ಮ. ಚುಕ್ಕಿಗಳನ್ನು ಹತ್ತಿರ ಅಥವಾ ದೂರ ಇಟ್ಟು ಕಪ್ಪು, ಬಿಳುಪು ತೋರಿಸೋದು ಸ್ಟಿಪ್ಲಿಂಗ್. ಒತ್ತಾಗಿಟ್ಟರೆ ಆ ಜಾಗ ಕತ್ತಲು. ವಿರಳವಾಗಿಟ್ಟರೆ ನಸು ನೆರಳು. ಏನೂ ಇಡದೆ ಬಿಟ್ಟರೆ ಬೆಳಕು. ಚುಕ್ಕಿಯ ಗಾತ್ರ ಹೆಚ್ಚುಕಮ್ಮಿ ಒಂದೇ ಇರುತ್ತದೆ, ಬದಲಾಗೋದು ನಡುವಿನ ಜಾಗ. ದಿನಪತ್ರಿಕೆಯ ಕಪ್ಪು ಬಿಳುಪು ಫೋಟೊ ಒಂದನ್ನು ಭೂತಗನ್ನಡಿಯಲ್ಲಿ ನೋಡು. ಅಲ್ಲೂ ಚುಕ್ಕಿಗಳೇ, ಆದರೆ ಸಾಲಾಗಿ ಸಮ ಅಂತರದಲ್ಲಿ ಕೂತಿರುತ್ತವೆ. ಕಪ್ಪು ಕಡೆ ದೊಡ್ಡವು, ಬಿಳಿ ಕಡೆ ಸಣ್ಣವು. ಅದಕ್ಕೆ ಹಾಫ್‌ಟೋನ್ ಅಂತಾರೆ. ಅದು ಯಂತ್ರದ ಕೆಲಸ, ಸ್ಟಿಪ್ಲಿಂಗ್ ಕೈ ಕೆಲಸ.

ಪಾಯಿಂಟಿಲಿಸಂ ಬೇರೆ. ಅಲ್ಲಿ ಮುಖ್ಯ ಬಣ್ಣ. ಫ್ರಾನ್ಸಿನ ಜಾರ್ಜ್ ಸ್ಯೂರಾ, ಪಾಲ್ ಸಿನ್ಯಾಕ್ ಇವರೆಲ್ಲ ಬಣ್ಣಗಳನ್ನು ತಟ್ಟೆಯಲ್ಲಿ ಕಲಸಿ ಬಳಿಯುವ ಬದಲು ಬಿಡಿ ಬಿಡಿ ಚುಕ್ಕಿಗಳಾಗಿ ಪಕ್ಕಪಕ್ಕ ಇಟ್ಟರು. ದೂರ ನಿಂತರೆ ನೋಡುವವರ ಕಣ್ಣೇ ಅವನ್ನು ಕೂಡಿಸಿಕೊಳ್ಳುತ್ತದೆ. ಸ್ಯೂರಾ 1884ರಿಂದ 1886ರವರೆಗೆ ಮಾಡಿದ ನದಿ ದಡದ ಭಾನುವಾರದ ಚಿತ್ರ ಸುಮಾರು 2 ಮೀಟರ್ ಎತ್ತರ, 3 ಮೀಟರ್ ಅಗಲ ಇದೆ. ಈಗ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿದೆ. ಅಷ್ಟು ದೂರ ಯಾಕೆ, ನಮ್ಮ ಮೊಘಲ್, ರಾಜಸ್ಥಾನಿ ಚಿಕಣಿ (ಮಿನಿಯೇಚರ್) ಚಿತ್ರಗಳಲ್ಲಿ ಕೆನ್ನೆ, ಕತ್ತಿನ ನೆರಳನ್ನು ಕೂದಲೆಳೆಯ ಕುಂಚದಿಂದ ಸಣ್ಣ ಸಣ್ಣ ಚುಕ್ಕಿ ಇಟ್ಟೇ ತರುತ್ತಿದ್ದರು. ಅದಕ್ಕೆ ಪರ್ದಾಜ್ ಅನ್ನುತ್ತಾರೆ. ಸ್ಟಿಪ್ಲಿಂಗಿಗೆ ಅದು ತುಂಬ ಹತ್ತಿರ. ಈ ಹೆಸರು ನಮ್ಮ ಹುಡುಗರಿಗೆ ಸ್ಯೂರಾಗಿಂತ ಮೊದಲು ಗೊತ್ತಾಗಬೇಕು ಅಂತ ನನ್ನ ಆಸೆ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಅರ್ಥ ಆಯ್ತು ಮೇಷ್ಟ್ರೇ. ಆದರೆ ರೆಕಾರ್ಡಿಗೆ ಪೆನ್ಸಿಲ್ ಶೇಡ್ ಯಾಕೆ ಆಗಲ್ಲ? ಚೆನ್ನಾಗೇ ಕಾಣುತ್ತಿತ್ತು. ನಾನು ಇಟ್ಟ ಚುಕ್ಕಿ ನೋಡಿದರೆ ಕಾಯಿಗೆ ರೋಗ ಬಂದ ಹಾಗಿದೆ.

ಉತ್ತರ: ಹಿಂದೆ ಪುಸ್ತಕದ ಚಿತ್ರಕ್ಕೆ ಬ್ಲಾಕ್, ಅಂದರೆ ಮಸಿ ಹಚ್ಚಿ ಒತ್ತುವ ಪಡಿಯಚ್ಚು, ಮಾಡಿಸಿ ಅಚ್ಚು ಹಾಕುತ್ತಿದ್ದರು. ಗೆರೆಯ ಬ್ಲಾಕಿನಲ್ಲಿ ಒಂದು ಜಾಗಕ್ಕೆ ಮಸಿ ಹತ್ತಬೇಕು, ಇಲ್ಲ ಹತ್ತಬಾರದು. ನಡುವಿನ ಬೂದು ಅನ್ನೋದು ಇಲ್ಲ. ಅದಕ್ಕೇ ಸಸ್ಯಶಾಸ್ತ್ರದ ಚಿತ್ರಕಾರರು ಅಂಚಿಗೆ ಗೆರೆ, ಉಬ್ಬುತಗ್ಗಿಗೆ ಚುಕ್ಕಿ ಅಂತ ರೂಢಿ ಮಾಡಿಕೊಂಡರು. ಇವತ್ತಿಗೂ ಜೆರಾಕ್ಸ್ ಮಾಡಿಸಿದರೆ ಚುಕ್ಕಿ ಉಳಿಯುತ್ತದೆ, ತೀಡಿದ ಪೆನ್ಸಿಲ್ ಕಲೆ ಕಲೆ ಆಗುತ್ತದೆ. ಇನ್ನೊಂದು ವಿಷಯ. ಪೆನ್ಸಿಲ್ ತೀಡಿದಾಗ ಅಂಚು, ನರ, ತೊಟ್ಟು ಎಲ್ಲ ಮಸುಕಾಗುತ್ತವೆ. ಬಾಟನಿ ಚಿತ್ರದಲ್ಲಿ ನೋಡಬೇಕಾದ್ದೇ ಅವು.

ಇನ್ನು ನಿನ್ನ ಕಾಯಿಯ ರೋಗ. ಮಾವಿನಕಾಯಿ ಸಿಪ್ಪೆಯ ಮೇಲೇ ಸಣ್ಣ ಚುಕ್ಕಿಗಳಿರುತ್ತವೆ, ಶ್ರೀನಿವಾಸಪುರದವಳಿಗೆ ನಾನು ಹೇಳಬೇಕಾ! ಲೆಂಟಿಸೆಲ್ ಅಂತ ನಿಮ್ಮ ಪಾಠದಲ್ಲೂ ಬರುತ್ತದೆ. ನೆರಳಿನ ಚುಕ್ಕಿ, ಸಿಪ್ಪೆಯ ಚುಕ್ಕಿ ಎರಡೂ ಒಂದೇ ಥರ ಇಟ್ಟರೆ ನೋಡುವವರಿಗೆ ಯಾವುದು ಯಾವುದು ಅಂತ ತಿಳಿಯಲ್ಲ. ಸಿಪ್ಪೆಯ ಚುಕ್ಕಿಯನ್ನು ಚಿಕ್ಕ ಖಾಲಿ ಸೊನ್ನೆಯಾಗಿ ಬಿಡು. ನೆರಳಿನ ಚುಕ್ಕಿ ಅದರ ಒಳಗೆ ಬೀಳಬಾರದು.

ಮೊದಲು ಬೆಳಕು ಯಾವ ಕಡೆಯಿಂದ ಬರುತ್ತದೆ ಅಂತ ತೀರ್ಮಾನ ಮಾಡು. ಸಾಮಾನ್ಯವಾಗಿ ಎಡಗಡೆ ಮೇಲಿನಿಂದ ಅಂತ ಇಟ್ಟುಕೊಳ್ಳುತ್ತಾರೆ. ಹಾಗಾದರೆ ಕಾಯಿಯ ಬಲಗಡೆ ಕೆಳಭಾಗ ಕತ್ತಲು, ಶುರು ಅಲ್ಲಿಂದ. ಪೆನ್ನನ್ನು ನೆಟ್ಟಗೆ ಹಿಡಿ. ಮುಟ್ಟಿಸು, ಎತ್ತು. ಎಳೆದರೆ ಚುಕ್ಕಿಗೆ ಬಾಲ ಬಂದು ಅಲ್ಪವಿರಾಮ ಆಗುತ್ತದೆ. ಕೈ ಸೋತಾಗ ಬಾಲ ಜಾಸ್ತಿ, ಆಗ ನಿಲ್ಲಿಸಿಬಿಡಬೇಕು. ಸಾಲಾಗಿ ಇಡಬೇಡ, ಚುಕ್ಕಿ ಸಾಲಾದ ಕೂಡಲೇ ಕಣ್ಣಿಗೆ ಗೆರೆ ಕಾಣುತ್ತದೆ. ಆಗಾಗ ಹಾಳೆಯನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡು. ಎಲ್ಲಿ ನೆರಳು ಥಟ್ಟನೆ ನಿಂತಿದೆಯೋ ಅಲ್ಲಿ ಇನ್ನಷ್ಟು ಬಿಡಿ ಚುಕ್ಕಿ ಬೇಕು. ಇಟ್ಟ ಚುಕ್ಕಿ ತೆಗೆಯೋಕೆ ಆಗಲ್ಲ, ಆದ್ದರಿಂದ ಕಮ್ಮಿಯಿಂದಲೇ ಹೋಗು.

ಪ್ರಶ್ನೆ (ಪೇಂಟಿಂಗ್ ಕಂಟ್ರಾಕ್ಟರ್, ಚಿಂತಾಮಣಿ): ಸಾರ್, ನಮ್ಮಲ್ಲಿ ಗೋಡೆಗೂ ಸ್ಟಿಪಲ್ ಅಂತಾರೆ. ರೋಲರ್ ಹೊಡೀತೀವಲ್ಲ, ಅದು?

ಉತ್ತರ: ಹೆಸರು ಅದೇ ಅಣ್ಣ, ಕೆಲಸ ಬೇರೆ. ಅಲ್ಲಿ ದಪ್ಪ ಬಣ್ಣವನ್ನು ರೋಲರಿನಿಂದಲೋ ಬ್ರಷ್ ಕುಟ್ಟಿಯೋ ಉಬ್ಬು ಉಬ್ಬಾಗಿ ಎಬ್ಬಿಸುತ್ತೀರಿ. ನೆರಳು ಬಿಡಿಸೋದಿಲ್ಲ, ಉಬ್ಬಿಗೆ ತಾನಾಗೇ ಬೀಳುತ್ತದೆ. ಗಾರೆಯ ಸಣ್ಣಪುಟ್ಟ ಏರುಪೇರು ಮುಚ್ಚುತ್ತದೆ, ಅದು ಲಾಭ. ಧೂಳು ಕೂರುತ್ತದೆ, ಆಮೇಲೆ ತೇಪೆ ಹಾಕಿದರೆ ಹೊಂದಲ್ಲ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಪ್ರಶ್ನೆ (ಮಾಲೂರು): ನಮ್ಮ ಶಿವಾರಪಟ್ಟಣದ ಶಿಲ್ಪಿಗಳು ವಿಗ್ರಹದ ಹಿಂದೆ ಉಳಿಯಲ್ಲಿ ಚುಚ್ಚಿ ಚುಚ್ಚಿ ಬಿಟ್ಟಿರುತ್ತಾರಲ್ಲ ಮೇಷ್ಟ್ರೇ, ಅದನ್ನೂ ಸ್ಟಿಪಲ್ ಅನ್ನಬಹುದಾ?

ಉತ್ತರ: ಒಳ್ಳೆ ಕಡೆ ಕಣ್ಣು ಹಾಕಿದ್ದೀರಿ. ಧಾರಾಳವಾಗಿ ಅನ್ನಬಹುದು. ಕಪ್ಪು ಕಲ್ಲನ್ನು ನಯ ಮಾಡಿದರೆ ಗಾಢ ಕಪ್ಪಾಗಿ ಹೊಳೆಯುತ್ತದೆ. ಅದೇ ಕಲ್ಲಿಗೆ ಉಳಿಯ ಮೊನೆ ಬಿದ್ದ ಕಡೆ ಮೈ ಒರಟಾಗಿ ಬೆಳಕು ಚೆದುರುತ್ತದೆ, ಬೂದಿ ಬಣ್ಣ ಕಾಣುತ್ತದೆ. ಮೂರ್ತಿ ಕಪ್ಪು, ಹಿನ್ನೆಲೆ ಬೂದು, ಬಣ್ಣ ಹಚ್ಚೋದೇ ಬೇಡ. ಗಮನಿಸಿ, ಕಾಗದದ ಮೇಲೆ ಚುಕ್ಕಿ ಒತ್ತಾದಷ್ಟೂ ಕಪ್ಪು. ಈ ಕಲ್ಲಿನಲ್ಲಿ ಒತ್ತಾದಷ್ಟೂ ಬಿಳುಪು. ಡ್ರಾಯಿಂಗ್ ಕಲಿಯುವ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ, ಕೇಳಿಕೊಂಡು ಆ ಕಲ್ಲಿನ ಮೇಲೆ ಬೆರಳಾಡಿಸಲು ಬಿಡಿ.

ಪ್ರಶ್ನೆ (ವಿದ್ಯಾರ್ಥಿನಿ): ಕೊನೇದು ಮೇಷ್ಟ್ರೇ. ಯಾವ ಪೆನ್ನು ತಗೊಳ್ಳಲಿ?

ಉತ್ತರ: ಮೇಡಂ ಪೆನ್ಸಿಲೇ ಆಗಬೇಕು ಅಂದರೆ ಎಚ್ ಪೆನ್ಸಿಲ್, ಮೊನೆ ಚೂಪಾಗಿರಲಿ. ಇಂಕ್ ಆಗಬಹುದು ಅಂದರೆ ನೀರಿಗೆ ಕದಡದ ಫೈನ್‌ಲೈನರ್, 01 ನಂಬರಿನದು. ಬಾಲ್‌ಪೆನ್ ಬೇಡ, ಮಸಿ ಗುಡ್ಡೆ ಕಟ್ಟುತ್ತದೆ. ಜೆಲ್ ಪೆನ್ ಒಣಗೋದು ನಿಧಾನ, ಅಂಗೈ ತಾಗಿ ಹರಡುತ್ತದೆ. ಏನೇ ತಗೊಂಡರೂ ಕೈ ಕೆಳಗೆ ಒಂದು ಬಿಳಿ ಹಾಳೆ ಇಟ್ಟುಕೊ. ಬಿಡಿಸಿದ್ದನ್ನು ಇಲ್ಲಿ ಹಾಕು, ನೋಡಿ ಹೇಳುತ್ತೇನೆ.