ಮಂಗಳನ ನೆಲ ನಡುಗಿದರೆ ಅದು ‘ಭೂಕಂಪ’ವೇ?

ಎಲ್ಲರಿಗೂ ನಮಸ್ಕಾರ.

ಕಲ್ಲಿನ ಗ್ರಹಗಳ ಒಡಲಲ್ಲಿ ಏನಿದೆ ಎಂಬುದರ ಬಗ್ಗೆ ಪ್ರೌಢಶಾಲೆಯ ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಒಂದು ವಾಕ್ಯ ನಾಲ್ಕು ದಿನಗಳಿಂದ ನನ್ನನ್ನು ಮುಂದಕ್ಕೆ ಬಿಡುತ್ತಿಲ್ಲ: ‘2022ರ ಮೇ 4ರಂದು ಮಂಗಳ ಗ್ರಹದಲ್ಲಿ 4.7 ಪ್ರಮಾಣದ ಭೂಕಂಪ ಸಂಭವಿಸಿತು.’

ಮಂಗಳನಲ್ಲಿ ‘ಭೂ’ ಎಲ್ಲಿಂದ ಬಂತು? ಇಂಗ್ಲಿಷಿನವರು ಮಂಗಳನ ಶಿಲೆಗಳ ಅಧ್ಯಯನವನ್ನೂ ಜಿಯಾಲಜಿ ಎಂದೇ ಕರೆಯುತ್ತಾರೆ. ಆ ‘ಜಿಯೊ’ ಗ್ರೀಕಿನಿಂದ ಬಂದದ್ದು, ಅದರೊಳಗಿನ ಭೂಮಿ ಅವರ ಕಿವಿಗೆ ಅಷ್ಟಾಗಿ ಬೀಳುವುದಿಲ್ಲ. ನಮಗೆ ಹಾಗಲ್ಲ, ‘ಭೂ’ ಎಂದೊಡನೆ ಭೂಮಿಯೇ ಕಣ್ಣ ಮುಂದೆ ನಿಲ್ಲುತ್ತದೆ. ಭೂಸುಧಾರಣೆ, ಭೂಮಾಲೀಕ, ಭೂದಾಖಲೆ ಎನ್ನುವಾಗ ಅದು ಗ್ರಹವಲ್ಲ, ಬರಿಯ ನೆಲ ಎಂಬುದು ನಿಜ. ಆ ಲೆಕ್ಕದಲ್ಲಿ ಮಂಗಳನ ಮಹಾಕಣಿವೆ ವ್ಯಾಲಿಸ್ ಮರಿನೆರಿಸ್‌ನ ‘ಭೂಕುಸಿತ’ಗಳನ್ನು ಹೇಗೋ ಒಪ್ಪಬಹುದು. ‘ಭೂಕಂಪ’ವನ್ನು ಮಾತ್ರ ನನ್ನ ಕಿವಿ ಒಪ್ಪುತ್ತಿಲ್ಲ.

‘ಮಂಗಳಕಂಪ’ ಎಂದು ಬರೆದು ನೋಡಿದೆ. ಮಂಗಳವಾದ್ಯ, ಮಂಗಳಸ್ನಾನಗಳ ಸಾಲಿನಲ್ಲಿ ಹೋಗಿ ಕುಳಿತಿತು. ಸಾಲದ್ದಕ್ಕೆ ಪಕ್ಕದಲ್ಲೇ ಸುವಾಸನೆಯ ‘ಕಂಪು’. ‘ಕುಜಕಂಪ’ ಎನ್ನೋಣವೆಂದರೆ ಕುಜ ಎಂಬುದರ ಅರ್ಥವೇ ‘ಕು’ವಿನಿಂದ, ಅಂದರೆ ಭೂಮಿಯಿಂದ, ಹುಟ್ಟಿದವನು. ಇದೇ ಕಾರಣಕ್ಕೆ ‘ಭೌಮ ಗ್ರಹಗಳು’ ಎಂದು ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕನ್ನೂ ಒಟ್ಟಿಗೆ ಕರೆಯುವುದೂ ತೊಡಕಿನದು. ಪಂಚಾಂಗ ಬಲ್ಲವರಿಗೆ ಭೌಮ ಎಂದರೆ ಮಂಗಳನೊಬ್ಬನೇ. ‘ಶಿಲಾಗ್ರಹ’ ಅಥವಾ ‘ಕಲ್ಲುಗ್ರಹ’ ಸಾಕು ಎಂದು ನಾನು ನಿರ್ಧರಿಸಿದ್ದೇನೆ.

ಈಗ ನನ್ನ ಮನಸ್ಸು ‘ನೆಲನಡುಕ’ದ ಕಡೆಗೆ ವಾಲಿದೆ. ನೆಲ ಎಂದರೆ ಕಾಲ ಕೆಳಗಿರುವುದು, ಅದು ಯಾವ ಗ್ರಹದ್ದಾದರೂ ಆಗಬಹುದು. ‘ಮಂಗಳನ ನೆಲನಡುಕ’, ‘ಚಂದ್ರನ ನೆಲನಡುಕ’ ಎಂದರೆ ಯಾವ ಮಗುವಿಗೂ ವಿವರಣೆ ಬೇಕಾಗದು. ಗಟ್ಟಿಯಾದ ಹೊರಪದರಕ್ಕೆ ಹೇಳುವ ‘ಭೂಕವಚ’ದ ‘ಭೂ’ವನ್ನೂ ಹೀಗೆಯೇ ಕಳಚಿ ಬರಿಯ ‘ಕವಚ’ ಎನ್ನಬಹುದು. ‘ಕೇಂದ್ರಗೋಳ’ಕ್ಕೆ ಈ ತೊಂದರೆಯೇ ಇಲ್ಲ. ‘ಭೂವಿಜ್ಞಾನ’ವನ್ನು ಮಾತ್ರ ಮುಟ್ಟಲಾರೆ. ಅದು ಒಂದು ಶಾಸ್ತ್ರದ ಹೆಸರಾಗಿ ನೆಲೆನಿಂತಿದೆ.

ಆದರೆ ನಡುಕದಲ್ಲೇ ಇನ್ನೊಂದು ಸೂಕ್ಷ್ಮವಿದೆ, ನಿಮ್ಮನ್ನು ಮುಖ್ಯವಾಗಿ ಕೇಳಬೇಕಾಗಿರುವುದು ಅದನ್ನೇ. ನಾಸಾದ ಇನ್‌ಸೈಟ್ ನೌಕೆ 2018ರ ನವೆಂಬರ್‌ನಲ್ಲಿ ಮಂಗಳನ ಎಲಿಸಿಯಂ ಬಯಲಿನಲ್ಲಿ ಇಳಿಯಿತು. ಕಂಪನಮಾಪಕವನ್ನು ನೆಲದ ಮೇಲಿಟ್ಟು, ಗಾಳಿ ತಾಗದಂತೆ ಅದರ ಮೇಲೊಂದು ಮುಚ್ಚಳ ಕವುಚಿ, ನಾಲ್ಕು ವರ್ಷಗಳಲ್ಲಿ 1,300ಕ್ಕೂ ಹೆಚ್ಚು ಕಂಪನಗಳನ್ನು ದಾಖಲಿಸಿತು. ಅಲೆಗಳು ಒಳಗೆ ಎಲ್ಲಿ ಬಾಗಿದವು, ಎಲ್ಲಿಂದ ತಿರುಗಿ ಬಂದವು ಎಂಬುದನ್ನು ನೋಡಿಯೇ ಕವಚದ ದಪ್ಪವನ್ನೂ ಕೇಂದ್ರಗೋಳದ ಗಾತ್ರವನ್ನೂ ಅಂದಾಜು ಮಾಡಿದರು. ಮೇಲೆ ಹೇಳಿದ 4.7ರ ಕಂಪನ ಹುಟ್ಟಿದ್ದು ಕವಚದಲ್ಲಿ ಕೂಡಿಬಂದಿದ್ದ ಒತ್ತಡದಿಂದ. 2021ರ ಡಿಸೆಂಬರ್ 24ರದು ಹಾಗಲ್ಲ. ಅಂದು ಉಲ್ಕೆಯೊಂದು ಅಪ್ಪಳಿಸಿ ಸುಮಾರು 150 ಮೀಟರ್ ಅಗಲದ ಕುಳಿ ಬಿದ್ದು, ನೆಲದಡಿಯ ಮಂಜುಗಡ್ಡೆ ಸುತ್ತಲೂ ಚೆಲ್ಲಿತು. ಅದರ ಅಲೆ ಸುಮಾರು 3,500 ಕಿಲೋಮೀಟರ್ ದೂರದಲ್ಲಿದ್ದ ಮಾಪಕವನ್ನು ಮುಟ್ಟಿತು.

ಎರಡಕ್ಕೂ ‘ನಡುಕ’ ಸರಿಯೇ? ಜ್ವರ ಬಂದಾಗ ಮೈ ನಡುಗುತ್ತದೆ, ಅಂಜಿಕೆಯಲ್ಲಿ ದನಿ ನಡುಗುತ್ತದೆ, ಕಾರಣ ಒಳಗಿನದು. ನಮ್ಮೂರಿನ ಕಲ್ಲು ಕ್ವಾರಿಯಲ್ಲಿ ಮದ್ದು ಸಿಡಿಸಿದಾಗ ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಆಗ ನಮ್ಮ ತಾಯಿ ‘ತಟ್ಟೆ ಅದುರಿತು’ ಎನ್ನುತ್ತಾರೆಯೇ ಹೊರತು ‘ನಡುಗಿತು’ ಎಂದಿದ್ದನ್ನು ನಾನು ಕೇಳಿಲ್ಲ. ಹೊರಗಿನ ಪೆಟ್ಟಿಗೆ ಅದುರುವುದು, ಒಳಗಿನ ಕಾರಣಕ್ಕೆ ನಡುಗುವುದು. ಈ ವ್ಯತ್ಯಾಸ ನಿಮ್ಮ ಕಡೆಯ ಮಾತಿನಲ್ಲೂ ಇದೆಯೇ? ಇದ್ದರೆ ಮೇ ತಿಂಗಳದನ್ನು ‘ನೆಲನಡುಕ’ ಎಂದೂ ಉಲ್ಕೆಯದನ್ನು ‘ನೆಲದ ಅದುರು’ ಎಂದೂ ಬೇರೆಬೇರೆಯಾಗಿ ಬರೆಯುವ ಆಸೆ ನನ್ನದು. ‘ಅದುರು’ ಎಂದರೆ ಕಬ್ಬಿಣದ ಅದಿರು ನೆನಪಾಗಿ ಓದುಗರು ಎಡವಬಹುದೇ ಎಂಬುದೊಂದೇ ಅಳುಕು. ‘ಅದುರಾಟ’ ಎಂದರೆ ಹೇಗೆ? ಬಳ್ಳಾರಿ, ಸಂಡೂರು ಕಡೆಯವರು, ಅದಿರನ್ನು ದಿನವೂ ಕಾಣುವವರು, ದಯವಿಟ್ಟು ತಿಳಿಸಿ.